ಮನೆಯ ಒಣದ್ರಾಕ್ಷಿ

ಗಂಡ ಅಂಗಳಕ್ಕೆ ಕಾಲಿಡುವ ಮೊದಲೇ ಅವನ ವಾಸನೆ ಒಳಗೆ ಬರುತ್ತಿತ್ತು. ಮದುವೆಯಾಗಿ ತಿಕೋಟಾಕ್ಕೆ ಬಂದ ಹೊಸದರಲ್ಲಿ ಅದು ಒಣದ್ರಾಕ್ಷಿಯ ವಾಸನೆ. ತವರಿಗೆ ಹೋದಾಗ ಬಬಲೇಶ್ವರದ ಮನೆಯಲ್ಲೂ ಸುರೈಯಾ ತನ್ನ ಸೆರಗನ್ನು ಮೂಗಿಗೆ ಹಿಡಿದು ಆ ಹುಳಿಸಿಹಿಯನ್ನು ಹುಡುಕುತ್ತಿದ್ದಳು. ಈಗ ಅದರ ಮೇಲೆ ಇನ್ನೊಂದು ವಾಸನೆ ಬಂದು ಕೂತಿತ್ತು. ದಪ್ಪನೆಯದು, ಕಹಿಯಾದದ್ದು, ತಳ ಹಿಡಿದ ಹಾಲಿನಂಥದ್ದು. ರೊಟ್ಟಿ ಬಡಿಯುತ್ತಿದ್ದ ಅವಳ ಕೈ ನಿಂತಿತು. ನಿಖತ ಎಲ್ಲಿದ್ದಾಳೆ ಎಂದು ಮೊದಲು ನೋಡಿದಳು. ಆರು ವರ್ಷದ ಮಗಳು ಹೊಸ್ತಿಲ ಒಳಗೇ ನಿಂತಿದ್ದಳು, ಯಾರೋ ಗೆರೆ ಎಳೆದು ನಿಲ್ಲಿಸಿದ ಹಾಗೆ. ರಿಜ್ವಾನ ಅಂಗಳದ ಬೇವಿನ ಗಿಡದ ಕೆಳಗೆ ನಿಂತಿದ್ದ. ಅಪ್ಪ ಮಗಳ ನಡುವೆ ಅಂಗಳದಷ್ಟು ಬಿಸಿಲಿತ್ತು.

“ಅಬ್ಬಾ, ಇವತ್ತ ನೀ ಚಾಕಲೇಟ್ ಅದೀ ಏನು?” ಎಂದು ಮಗಳು ಕೇಳಿದಳು.

“ಹೌದವಾ. ಮಧ್ಯಾಹ್ನದ ಮಟಾ ಚಾಕಲೇಟ್. ಆಮ್ಯಾಲ ಜಳಕಾ ಮಾಡಿ ಮತ್ತ ಅಬ್ಬಾ ಆಕ್ಕೀನಿ.”

ಮಗಳು ನಕ್ಕಳು, ಅವನೂ ನಕ್ಕ. ಸುರೈಯಾಳಿಗೆ ಆ ನಗು ಸೇರಲಿಲ್ಲ. ಇಷ್ಟು ಚಿಕ್ಕದು ಇಷ್ಟು ಬೇಗ ಇದನ್ನೆಲ್ಲ ಆಟ ಮಾಡಿಕೊಂಡಿತಲ್ಲ ಎಂದುಕೊಂಡಳು. ರಿಜ್ವಾನ ಬಂದದ್ದು ದೊಡ್ಡ ತಬಕು ಕೇಳಲು. ಇವತ್ತು ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿ ಫಾತಿಹಾ ಪ್ರಾರ್ಥನೆ. ಚಾಕಲೇಟು ಬಳಿದ ಒಣದ್ರಾಕ್ಷಿಯ ಮೊದಲ ದೊಡ್ಡ ಮಾಲು ನಾಳೆ ವಿಜಯಪುರದ ಸ್ಟೇಷನ್ ರಸ್ತೆಯ ಅಂಗಡಿಗೆ ಹೋಗುವುದಿತ್ತು. ಅದಕ್ಕೆ ಮೊದಲು ನಾಲ್ಕು ಮಂದಿಗೆ ಪ್ರಸಾದದಂತೆ ತಬರ್ರುಕ್ ಹಂಚಬೇಕೆಂದು ಅವನ ಆಸೆ. ಅವನು ಅಂಗಳದಿಂದಲೇ ಎಲ್ಲ ಹೇಳಿದ: ಚಾಕಲೇಟು ಬಳಿಯುವ ಮಷೀನು ನಿನ್ನೆಯಿಂದ ಬಂದ್ ಇದೆ, ಶೆಡ್ಡಿಗೆ ನೀರು ಹೊಡೆದು ತೊಳೆದಿದ್ದೇವೆ, ಹಂಚುವುದು ಬರೀ ಒಣದ್ರಾಕ್ಷಿ, ಅದೂ ಮನೆಗೆಂದು ತೆಗೆದಿಟ್ಟ ಚೀಲದ್ದು, ಮಗಳೂ ಎಲ್ಲರ ಜೊತೆ ಕೂತು ತಿನ್ನಲಿ ಎಂದೇ ಹಾಗೆ ಮಾಡಿದ್ದು. ಕೊನೆಯ ಮಾತು ಹೇಳುವಾಗ ಅವನು ಸುರೈಯಾಳನ್ನಲ್ಲ, ನೆಲ ನೋಡುತ್ತಿದ್ದ. ಬೇಡ ಎನ್ನುವ ಮಾತು ಅವಳ ನಾಲಿಗೆಯವರೆಗೆ ಬಂದಿತ್ತು. ಆದರೆ ಬೇಡ ಎನ್ನುವುದನ್ನು ಬಿಟ್ಟು ಈ ವರ್ಷವಿಡೀ ತಾನು ಬೇರೆ ಏನು ಹೇಳಿದ್ದೇನೆ ಎಂದೂ ಅನ್ನಿಸಿತು. ಮದುವೆಮನೆ ಬೇಡ, ಶಾಲೆಯ ಗ್ಯಾದರಿಂಗ್ ಬೇಡ, ಪಕ್ಕದ ಮನೆಯ ಹುಟ್ಟುಹಬ್ಬ ಬೇಡ, ಅಪ್ಪನ ಹತ್ತಿರ ಹೋಗುವುದು ಬೇಡ. ತಬಕನ್ನು ಬೂದಿ ಹಚ್ಚಿ ತಿಕ್ಕಿ ತೊಳೆದು ಹೊಸ್ತಿಲ ಹೊರಗಿಟ್ಟಳು. ಅವನು ಬಗ್ಗಿ ತೆಗೆದುಕೊಂಡು ಹೋದ.

ಮಷೀನನ್ನು ತರಿಸುವ ಹೊತ್ತಿಗೆ ಮಗಳಿಗೆ ಚಾಕಲೇಟು ಆಗುವುದಿಲ್ಲ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಮಗುವಿಗೆ ಮೈಮೇಲೆ ದದ್ದು ಏಳುತ್ತಿತ್ತು, ತುಟಿ ಬಾಯುತ್ತಿತ್ತು, ಒಮ್ಮೊಮ್ಮೆ ಎದೆಯಲ್ಲಿ ಸಿಳ್ಳೆ ಹೊಡೆದಂಥ ಸದ್ದು. ಒಬ್ಬರು ನಂಜು ಎಂದರು, ಒಬ್ಬರು ಹುಳ ಎಂದರು. ಅತ್ತೆ ಪೀರಾಂಬಿ ದೃಷ್ಟಿ ಎಂದು ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದಳು. ಸುಟ್ಟ ಮೆಣಸಿನಕಾಯಿಯ ಕಮಟು ಏಳದಿದ್ದರೆ ದೃಷ್ಟಿ ಆಗಿದೆ ಎಂದರ್ಥ. ಕಮಟು ಎದ್ದಿತು; ಮಗು ಕೆಮ್ಮಿ ಕೆಮ್ಮಿ ನೀಲಿಗಟ್ಟುತ್ತಿದ್ದರೆ ಪೀರಾಂಬಿ ಮಾತ್ರ ಸಮಾಧಾನದಿಂದ, ದೃಷ್ಟಿ ಅಲ್ಲ ಬಿಡು, ಅಂದಿದ್ದಳು. ಆ ಹೊಗೆಯಲ್ಲಿ ಮಗುವನ್ನು ಎತ್ತಿಕೊಂಡು ಹೊರಗೆ ಓಡಿದ್ದು ಸುರೈಯಾಳ ಕಾಲಿಗೆ ಇನ್ನೂ ನೆನಪಿದೆ. ಆಮೇಲೆ ಬಬಲೇಶ್ವರದಲ್ಲಿ ಅವಳ ಸ್ವಂತ ತಾಯಿ, ಕೂಸು ಸೊರಗಿದೆ ಎಂದು, ಹಾಲಿಗೆ ಚಾಕಲೇಟಿನ ಪುಡಿ ಕಲಸಿ ಕುಡಿಸಿದಳು. ಮಗುವಿನ ಕಣ್ಣು ಮುಚ್ಚಿಹೋಗುವಷ್ಟು ಮುಖ ಊದಿತು. ವಿಜಯಪುರದ ಡಾಕ್ಟರು ಒಂದೊಂದಾಗಿ ತಿನಿಸು ಬಿಡಿಸಿ ನೋಡುತ್ತ ಬಂದರು. ಹಾಲು ಸರಿಹೋಯಿತು, ಶೇಂಗಾ ಸರಿಹೋಯಿತು, ಗೋದಿ ಸರಿಹೋಯಿತು. ಕೊನೆಗೆ ಉಳಿದದ್ದು ಕೋಕೋ. ಹೀಗೆ ಆಗುವುದು ಬಹಳ ಕಡಿಮೆ ಎಂದು ಅವರು ಹೇಳಿದರು, ಸಮಾಧಾನದ ಮಾತೋ ಎಂಬಂತೆ. ಬಹಳ ಕಡಿಮೆಯಾದದ್ದು ತನ್ನ ಮನೆಯನ್ನೇ ಯಾಕೆ ಹುಡುಕಿಕೊಂಡು ಬಂತು ಎಂದು ಅವಳು ಕೇಳಲಿಲ್ಲ. ಮನೆಗೆ ಬಂದಾಗ ಶೆಡ್ಡಿನ ಮುಂದೆ ಮಷೀನು ಲಾರಿಯಿಂದ ಇಳಿಯುತ್ತಿತ್ತು. ದೊಡ್ಡ ಹೊಳೆಯುವ ಡ್ರಮ್ಮು, ಬಸುರಿಯ ಹೊಟ್ಟೆಯಂತೆ ಓರೆಯಾಗಿ. ರಿಜ್ವಾನನ ತಮ್ಮ ಸೊಹೇಲ ಅದಕ್ಕೆ ಹೂವಿನ ಹಾರ ಹಾಕಿ ಕಾಯುತ್ತಿದ್ದ.

ಅಂದಿನಿಂದ ಅವಳು ಮಗಳಿಗೆ ಒಂದೇ ಒಂದು ಸಿಹಿಯನ್ನು ಕಲಿಸಿದಳು. ಶಾಲೆಯಲ್ಲಿ ಯಾರದೋ ಹುಟ್ಟುಹಬ್ಬಕ್ಕೆ ಚಾಕಲೇಟು ಕೊಟ್ಟರೆ ಬಿಚ್ಚದೆ ತರಬೇಕು, ಅಮ್ಮಿಯ ಕೈಗೆ ಕೊಡಬೇಕು, ಬದಲಿಗೆ ಅಮ್ಮಿ ಒಂದು ಮುಷ್ಟಿ ಒಣದ್ರಾಕ್ಷಿ ಕೊಡುತ್ತಾಳೆ. ಅಳು ಬಂದರೆ ಒಣದ್ರಾಕ್ಷಿ, ಔಷಧಿ ಕಹಿಯಾದರೆ ಒಣದ್ರಾಕ್ಷಿ, ಬಿದ್ದು ಮೊಣಕಾಲು ತರಚಿದರೆ ಒಣದ್ರಾಕ್ಷಿ. ತಮ್ಮದೇ ತೋಟದ್ದು, ತಮ್ಮದೇ ಬಲೆಯ ಮೇಲೆ ಒಣಗಿದ್ದು, ಮಷೀನು ಬರುವ ಮೊದಲೇ ಚೀಲ ಹೊಲಿದಿಟ್ಟದ್ದು. ಜಗತ್ತಿನಲ್ಲಿ ಎಲ್ಲದರೊಳಗೂ ಏನಾದರೂ ಇರುತ್ತದೆ. ಇದರೊಳಗೆ ಮಾತ್ರ ಬಿಸಿಲು ಬಿಟ್ಟು ಏನೂ ಇಲ್ಲ ಎಂದು ಅವಳು ನಂಬಿದ್ದಳು. ಅತ್ತೆ ನಂಬಿದ್ದು ಬೇರೆ. “ಒಂದೀಟ ಒಂದೀಟ ಕೊಟ್ಟು ರೂಢಿ ಮಾಡಬೇಕು ಬೇ. ಚಾಕಲೇಟ ಮಾಡೂ ಮನಿ ಕೂಸು ಚಾಕಲೇಟಿಗೆ ಹೆದರಿ ಎಷ್ಟ ದಿನಾ ಇದ್ದೀತು,” ಎಂದು ಒಮ್ಮೆ ಹಿಟ್ಟು ನಾದುತ್ತ ಹೇಳಿದ್ದಳು. ಹೇಳಿದ್ದು ಅಷ್ಟೇ. ಆದರೆ ಆ ಮಾತು ಸುರೈಯಾಳ ಒಳಗೆ ಮುರಿದ ಮುಳ್ಳಿನಂತೆ ಉಳಿಯಿತು. ಅಂದಿನಿಂದ ಪೀರಾಂಬಿ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಾಗಲೆಲ್ಲ ಅವಳು ಅಡುಗೆಮನೆಯಿಂದಲೇ ಆ ಮುದಿ ಕೈಗಳನ್ನು ನೋಡುತ್ತಿದ್ದಳು. ಸೊಂಟದ ಎಲೆಅಡಿಕೆ ಚಂಚಿಯೊಳಗೆ ಹೋಗುವ ಬೆರಳು, ಹೊರಗೆ ಬರುವ ಬೆರಳು.

ಶೆಡ್ಡಿಗೆ ಹೋಗುವಾಗಲೂ ಅವಳು ಮಗಳ ಕೈ ಬಿಡಲಿಲ್ಲ. ಊರ ಹೊರಗೆ, ವಿಜಯಪುರದ ರಸ್ತೆಗೆ ಹೊಂದಿಕೊಂಡೇ ಇತ್ತು ಶೆಡ್ಡು. ಹಂತಹಂತವಾಗಿ ಕಟ್ಟಿದ ಬಲೆಗಳು ಈಗ ಖಾಲಿಯಾಗಿ ಗಾಳಿಗೆ ಅಲುಗುತ್ತಿದ್ದವು. ನೆಲ ಇನ್ನೂ ಒದ್ದೆಯಾಗಿತ್ತು. ಮಷೀನಿನ ಮೇಲೆ ತಾಡಪಾಲು ಹೊದಿಸಿ ಹಗ್ಗ ಕಟ್ಟಿದ್ದರು, ಸತ್ತವರನ್ನು ಮುಚ್ಚಿದಂತೆ ಎಂದು ಅವಳಿಗೆ ಅನ್ನಿಸಿ, ಹಾಗೆ ಅನ್ನಿಸಿದ್ದಕ್ಕೆ ತೌಬಾ ಎಂದುಕೊಂಡಳು. ಮೂಗು ಅರಳಿಸಿ ಗಾಳಿ ಎಳೆದಳು. ವಾಸನೆ ಇತ್ತು, ಗೋಡೆಯಲ್ಲಿ, ತಗಡಿನಲ್ಲಿ. ಆದರೆ ಹಳೆಯದು, ತಣ್ಣಗಿನದು. ರಿಜ್ವಾನ ಸ್ನಾನ ಮಾಡಿ ಬಿಳಿ ಅಂಗಿ ಹಾಕಿಕೊಂಡಿದ್ದ. ನಿಖತ ತಾಯಿಯ ಮುಖ ನೋಡಿದಳು. ಸುರೈಯಾ ತಲೆ ಆಡಿಸಿದ ಕೂಡಲೆ ಓಡಿಹೋಗಿ ಅಪ್ಪನ ಹೊಟ್ಟೆಗೆ ಮುಖ ಒತ್ತಿದಳು. ಹಗಲು ಹೊತ್ತಿನಲ್ಲಿ ಮಗಳನ್ನು ಎತ್ತಿಕೊಂಡು ಬಹಳ ದಿನವಾದ್ದರಿಂದಲೋ ಏನೋ, ಅವನ ತೋಳಿಗೆ ಅವಳ ಭಾರ ಹೊಸದಾಗಿತ್ತು. ಒಂದು ಸಲ ತೂಕ ಸರಿಮಾಡಿಕೊಂಡ.

ಓಣಿಯ ಹಿರಿಯ ಚಮನಸಾಬ ಅಜ್ಜ ಫಾತಿಹಾ ಓದಿದರು. ಊದಿನಕಡ್ಡಿಯ ಹೊಗೆಯ ಆಚೆ ತಬಕಿನ ತುಂಬ ಒಣದ್ರಾಕ್ಷಿ ಗುಡ್ಡೆಯಾಗಿ ಮಿರುಗುತ್ತಿತ್ತು. ಒಂದೊಂದು ಕಾಳೂ ಬೇರೆಬೇರೆ, ಒಂದೊಂದರ ಮೇಲೂ ಒಂದು ಚುಕ್ಕಿ ಬೆಳಕು. ಹೆಂಗಸರ ಸಾಲಿನಲ್ಲಿ ಕೂತಿದ್ದ ಓಣಿಯ ಇರ್ಫಾನಾ, ಮಾಲು ಎಂದರೆ ಇದು, ಎಷ್ಟು ಹೊಳೀತಾವೆ ನೋಡು, ಅಂದಳು. ತಿಕೋಟಾದಲ್ಲಿ ಒಣದ್ರಾಕ್ಷಿ ಹೊಳೆಯದಿದ್ದರೆ ಮನೆತನಕ್ಕೇ ಕುಂದು. ಚೀಲ ಬಿಚ್ಚಿದ ಮೇಲೆ ಅಂಗೈಗೆ ಒಂದಿಷ್ಟು ಎಣ್ಣೆ ಸವರಿಕೊಂಡು ಕಾಳನ್ನು ತಿಕ್ಕಿಯೇ ಮಂದಿಯ ಮುಂದೆ ಇಡುವುದು. ಸುರೈಯಾಳಿಗೂ ಒಂದು ಕ್ಷಣ ಹೆಮ್ಮೆ ಎನಿಸಿತು. ತಬರ್ರುಕ್ ಹಂಚುವಾಗ ಅವಳು ಮಗಳ ಪಾಲನ್ನು ಬೇರೆ ಯಾರ ಕೈಗೂ ಬಿಡಲಿಲ್ಲ. ತಾನೇ ಎದ್ದು, ತಬಕಿನ ನಡುವಿನಿಂದ ಮುಷ್ಟಿ ತುಂಬ ತೆಗೆದು ಮಗಳ ಬೊಗಸೆಗೆ ಹಾಕಿದಳು. ಇನ್ನೊಂದಿಷ್ಟನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ನಿಖತ ಬಿಸ್ಮಿಲ್ಲಾ ಎಂದು ಒಂದೊಂದೇ ಬಾಯಿಗೆ ಹಾಕಿಕೊಂಡು, ಎಲ್ಲರೂ ತಿನ್ನುವುದನ್ನೇ ತಾನೂ ತಿನ್ನುತ್ತಿದ್ದೇನೆ ಎಂದು ಸುತ್ತ ನೋಡುತ್ತಿದ್ದಳು. ಇರ್ಫಾನಾ ತನ್ನ ಪಕ್ಕದವಳಿಗೆ, ಕೇಳಿಸುವ ಹಾಗೆಯೇ, “ಊರಿಗೆಲ್ಲ ಚಾಕಲೇಟ ಮಾಡಿ ಹಂಚ್ತಾರ, ತಮ್ಮ ಕೂಸಿಗೆ ಒಂದ ತುಣುಕ ಕೊಡಂಗಿಲ್ಲ. ಅಷ್ಟ ಜ್ವಾಕಿ ಮಾಡಿದ್ರs ಬ್ಯಾನಿ ಹತ್ತೂದು,” ಎಂದಳು. ಸುರೈಯಾ ಕೇಳಿಸದವಳಂತೆ ಖಾಲಿ ತಬಕಿನ ಅಂಚು ಒರೆಸುತ್ತ ಕೂತಳು. ಇಂಥದಕ್ಕೆ ಉತ್ತರ ಕೊಡುವುದನ್ನು ಅವಳು ಬಿಟ್ಟಿದ್ದಳು. ಉತ್ತರ ಕೊಟ್ಟಾಗ ಮಂದಿ ಕೇಳುವುದು ಒಂದೇ: ಹಂಗಾದರೆ ಬಸುರಿದ್ದಾಗ ನೀನು ಏನು ತಿಂದಿದ್ದಿ?

ಮಕ್ಕಳು ಬಲೆಗಳ ಕೆಳಗೆ ನುಸುಳಿ ಆಡುತ್ತಿದ್ದವು. ಸ್ವಲ್ಪ ಹೊತ್ತಿಗೆ ತಿರುಗಿ ನೋಡಿದರೆ ನಿಖತ ಅಲ್ಲಿರಲಿಲ್ಲ. ಪೀರಾಂಬಿಯ ಮುಂದೆ ನಿಂತಿದ್ದಳು. ಪೀರಾಂಬಿಯ ಒಂದು ಕೈ ಮಗುವಿನ ಗದ್ದ ಹಿಡಿದಿತ್ತು, ಇನ್ನೊಂದು ಕೈ ಅದರ ಬಾಯಿಯ ಹತ್ತಿರ ಇತ್ತು. ಸುರೈಯಾ ಎದ್ದು ಹೋಗುವಷ್ಟರಲ್ಲಿ ಮಗು ಕತ್ತು ಕೆರೆದುಕೊಳ್ಳುತ್ತ ಈ ಕಡೆ ತಿರುಗಿತು. ತುಟಿ ಆಗಲೇ ಅದರದಾಗಿರಲಿಲ್ಲ. ಯಾರೋ ಬೇರೆಯವರ ದಪ್ಪ ತುಟಿಯನ್ನು ತಂದು ಅಂಟಿಸಿದಂತಿತ್ತು. ಕಿವಿಯ ಹಿಂದಿನಿಂದ ಕೆಂಪು ದದ್ದು ಇಳಿದು ಅಂಗಿಯೊಳಗೆ ಹೋಗಿತ್ತು.

“ಏನ ಕೊಟ್ಟೀರಿ?” ಎಂದು ಸುರೈಯಾ ಅತ್ತೆಯನ್ನು ಕೇಳಿದಳು. ತನ್ನ ದನಿ ಅವಳಿಗೇ ಗುರುತು ಸಿಗಲಿಲ್ಲ.

“ನಾ ಏನ ಕೊಡ್ಲಿ ಬೇ. ಬಾಯಿ ತುರಸಾಕತ್ತೈತಿ ಅಂತ ಬಂತು. ಒರಸಾಕತ್ತಿದ್ದೆ.”

“ಕೊಟ್ಟೀರಿ. ಒಂದೀಟ ಕೊಟ್ಟ ರೂಢಿ ಮಾಡಬೇಕು ಅಂತಿದ್ರೆಲ್ಲ. ಚಂಚಿ ತಗೀರಿ.”

ಪೀರಾಂಬಿ ತೆಗೆಯಲಿಲ್ಲ. ಸುರೈಯಾ ಕೈ ಹಾಕಿ ಆ ಮುದುಕಿಯ ಸೊಂಟದಿಂದ ಚಂಚಿಯನ್ನು ಎಳೆದಳು. ಎಳೆದ ರಭಸಕ್ಕೆ ಸೀರೆಯ ನೆರಿಗೆ ಸಡಿಲಾಯಿತು. ಎಲ್ಲ ಹೆಂಗಸರ ಮುಂದೆ ಅದನ್ನು ತಲೆಕೆಳಗು ಮಾಡಿ ಕೊಡವಿದಳು. ಅಡಿಕೆಯ ಚೂರು, ಎರಡು ಲವಂಗ, ಸುಣ್ಣದ ಡಬ್ಬಿ, ನಿಖತ ಕಳೆದುಕೊಂಡಿದ್ದ ಹಳದಿ ಕ್ಲಿಪ್ಪು. ಬೇರೇನೂ ಬೀಳಲಿಲ್ಲ. ಪೀರಾಂಬಿ ಒಂದು ಕೈಯಲ್ಲಿ ನೆರಿಗೆ ಹಿಡಿದುಕೊಂಡು, ಕ್ಲಿಪ್ಪು ಹೆಕ್ಕಲು ಬಗ್ಗಿ, ಬಗ್ಗಿದವಳು ಹಾಗೇ ನಿಂತು, “ಮದ್ಲ ಕೂಸಿನ ನೋಡ್ರಿ,” ಎಂದಳು.

ಶೆಡ್ಡು ವಿಜಯಪುರದ ದಾರಿಯಲ್ಲೇ ಇದ್ದದ್ದರಿಂದ ಊರೊಳಗೆ ತಿರುಗುವ ಮಾತೇ ಬರಲಿಲ್ಲ. ರಿಜ್ವಾನ ದ್ರಾಕ್ಷಿ ಸಾಗಿಸುವ ಸಣ್ಣ ಗಾಡಿ ತೆಗೆದ. ಸುರೈಯಾ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ನಡುವೆ ಕೂತಳು. ಬಾಗಿಲಿಗೆ ಒತ್ತಿಕೊಂಡು ಪೀರಾಂಬಿ, ಯಾರೂ ಕರೆಯದಿದ್ದರೂ. ಡಾಕ್ಟರು ಕೊಟ್ಟಿದ್ದ ಔಷಧಿಯ ಶೀಶೆ ಯಾವಾಗಲೂ ಸುರೈಯಾಳ ಚೀಲದಲ್ಲಿ ಇರುತ್ತಿತ್ತು. ಓಡುವ ಗಾಡಿಯಲ್ಲಿ ಮುಚ್ಚಳಕ್ಕೆ ಸುರಿದು ಕುಡಿಸಿದಳು. ಎರಡೂ ಬದಿಗೆ ದ್ರಾಕ್ಷಿಯ ತೋಟಗಳು ಹಿಂದಕ್ಕೆ ಓಡುತ್ತಿದ್ದವು. ಮಗುವಿನ ಎದೆಯೊಳಗೆ ಆ ಸಿಳ್ಳೆ ಶುರುವಾಗಿತ್ತು. ಅದನ್ನು ಕೇಳದಿರಲೆಂದು ಅವಳು ಏನೇನೋ ಮಾತಾಡಿದಳು: ನೋಡು ಎಮ್ಮೆ, ನೋಡು ಬಸ್ಸು, ಈಗ ಬಂತು, ಈಗ ಬಂತು. ಒಳಗೆ ಇನ್ನೊಂದು ಲೆಕ್ಕ ನಡೆದೇ ಇತ್ತು. ಯಾರು ಕೊಟ್ಟರು? ಇರ್ಫಾನಾ? ಅವಳ ಮಕ್ಕಳು? ಗೋಡೆ ಮುಟ್ಟಿದಳೇ, ತಾಡಪಾಲು ಮುಟ್ಟಿದಳೇ? ಅತ್ತೆ ಚಂಚಿಯಲ್ಲಿ ಅಲ್ಲದಿದ್ದರೆ ಸೆರಗಿನಲ್ಲಿ? ಪಕ್ಕದಲ್ಲೇ ಕೂತ ಆ ಹೆಂಗಸಿನ ಮೊಣಕೈ ತನ್ನ ಪಕ್ಕೆಗೆ ತಾಗುತ್ತಿರುವುದು ಅವಳಿಗೆ ತಡೆಯಲಾಗಲಿಲ್ಲ. ಆ ಮೊಣಕೈಯನ್ನು ದೂರ ತಳ್ಳಿದಳು. ಪೀರಾಂಬಿ ಇನ್ನಷ್ಟು ಬಾಗಿಲಿಗೆ ಸರಿದಳು.

ತೊರವಿ ದಾಟುವ ಮೊದಲೇ ಮಗು ವಾಂತಿ ಮಾಡಿಕೊಂಡಿತು. ಔಷಧಿಯೂ ಹೋಯಿತು, ತಿಂದದ್ದೂ ಹೋಯಿತು. ವಾಂತಿಯಾದ ಮೇಲೆ ಸಿಳ್ಳೆ ಸ್ವಲ್ಪ ಇಳಿಯಿತು. ಮುಖದ ಬಣ್ಣ ತಿರುಗಿದಂತೆ ಕಂಡಿತು. ಸುರೈಯಾ ಸೆರಗಿನಿಂದ ಬಾಯಿ ಒರೆಸಿ, ಮತ್ತೊಂದು ಮುಚ್ಚಳ ಔಷಧಿ ಕುಡಿಸಿದಳು. ಮಗು ಮುಖ ಕಿವುಚಿ, “ಅಮ್ಮಿ, ಕೈ,” ಎಂದಿತು. ಕಹಿ ಎನ್ನಲು ಹೋಗಿ ಊದಿದ ತುಟಿಗೆ ಅಷ್ಟೇ ಸಾಧ್ಯವಾಯಿತು. ಅವಳಿಗೆ ಅರ್ಥವಾಯಿತು. ಎಷ್ಟು ಸಲ ಮಾಡಿದ್ದು ಇದು. ಕೈ ತಾನಾಗಿಯೇ ಗಂಟು ಬಿಚ್ಚಿತು. ಎರಡು ಕಾಳು ತೆಗೆದು, ಹಲ್ಲಿನಿಂದ ಕಚ್ಚಿ ಚಿಕ್ಕದು ಮಾಡಬೇಕೆಂದುಕೊಂಡು, ಅಷ್ಟು ತಡ ಮಾಡದೆ ಬೆರಳಿನಿಂದಲೇ ಜಜ್ಜಿ, ಮಗುವಿನ ನಾಲಿಗೆಯ ಮೇಲೆ ಇಟ್ಟಳು. ಚೀಪು ನಮ್ಮವ್ವ, ಚೀಪು, ಕಹಿ ಹೋಗ್ತದೆ, ಎಂದಳು. ಮಗು ಚೀಪಿತು. ತಾಯಿ ಕೊಟ್ಟದ್ದನ್ನು ಅದು ಯಾವತ್ತೂ ಏನು ಎಂದು ಕೇಳಿದ್ದಿಲ್ಲ.

ವಿಜಯಪುರದ ಮೊದಲ ಮನೆಗಳು ಕಾಣುವ ಹೊತ್ತಿಗೆ ಮಗುವಿನ ಕೈ ಗಂಟಲಿಗೆ ಹೋಯಿತು. ಈ ಸಲ ಸಿಳ್ಳೆ ಅಲ್ಲ, ಬೇರೆ ಸದ್ದು. ಬತ್ತಿದ ಕೊಳವೆಯಲ್ಲಿ ಗಾಳಿ ಎಳೆದಂಥದು. ಕಣ್ಣು ತಾಯಿಯ ಮುಖದ ಮೇಲೆ ನೆಟ್ಟಿತ್ತು. ಆ ಕಣ್ಣಲ್ಲಿ ಹೆದರಿಕೆಯ ಹಿಂದೆ ಇನ್ನೇನೋ ಇತ್ತು, ಅದನ್ನು ನೋಡಲಾರದೆ ಸುರೈಯಾ ತನ್ನ ಬಾಯಿಗೆ ಕೈ ಅಡ್ಡ ಹಿಡಿದಳು. ಆಗ ಬಂತು ವಾಸನೆ. ಅವಳ ಸ್ವಂತ ಬೆರಳುಗಳಿಂದ. ದ್ರಾಕ್ಷಿಯ ಹುಳಿಸಿಹಿ, ಎಣ್ಣೆಯ ಜಿಡ್ಡು, ಅದರ ಅಡಿಯಲ್ಲಿ, ಬಹಳ ಅಡಿಯಲ್ಲಿ, ತಳ ಹಿಡಿದ ಹಾಲು. ಅವಳು ಮತ್ತೆ ಮೂಸಿದಳು. ಹೆಬ್ಬೆರಳು, ತೋರುಬೆರಳು, ಅಂಗೈ. ಅಷ್ಟು ಹೊತ್ತು ಏನನ್ನು ಹುಡುಕುತ್ತಿದ್ದಳೋ ಅದು ಇಲ್ಲಿತ್ತು. ರಿಜ್ವಾನ ಹಾರ್ನಿನ ಮೇಲಿಟ್ಟ ಕೈ ತೆಗೆಯದೆ ಗಾಡಿ ಓಡಿಸುತ್ತಿದ್ದ.

ಆಸ್ಪತ್ರೆಯಲ್ಲಿ ಎಲ್ಲವೂ ಬೇಗ ಬೇಗ ನಡೆಯಿತು. ಯಾರೋ ಮಗುವನ್ನು ಅವಳ ಕೈಯಿಂದ ಕಿತ್ತುಕೊಂಡರು. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಒಬ್ಬಳು ತೊಡೆಗೆ ಸೂಜಿ ಚುಚ್ಚುತ್ತಲೇ, ತಲೆ ಎತ್ತದೆ, ಏನು ತಿಂದಿತು ಎಂದು ಕೇಳಿದಳು. ಹಿಂದೆ ಹೀಗೆ ಆಗಿದೆಯಾ, ಯಾವುದರಿಂದ, ಇವತ್ತು ಅದನ್ನು ತಿಂದಿತಾ, ಯಾರು ಕೊಟ್ಟರು. ರಿಜ್ವಾನ, ಕೋಕೋ ಆಗುವುದಿಲ್ಲ, ಆದರೆ ಇವತ್ತು ಯಾರೂ ಕೊಟ್ಟಿಲ್ಲ, ಎಂದ. ಡಾಕ್ಟರಮ್ಮ ಈಗ ತಲೆ ಎತ್ತಿ ಸುರೈಯಾಳನ್ನು ನೋಡಿದಳು. ತಾಯಿ ನೀವೇ ಏನ್ರೀ, ನೀವೇನು ಕೊಟ್ರಿ? ಸುರೈಯಾಳ ಮುಷ್ಟಿಯೊಳಗೆ ಸೆರಗಿನ ಗಂಟು ಇತ್ತು. ಹೇಳಬೇಕೆಂದು ಅದನ್ನು ಮೇಲೆತ್ತಿದಳು; ಎತ್ತಿದ್ದು ಎದೆಯವರೆಗೆ ಬಂದು ನಿಂತಿತು.

“ನಾ ಕೊಟ್ಟೇನ್ರಿ,” ಎಂದಳು ಹಿಂದಿನಿಂದ ಪೀರಾಂಬಿ. “ಚಾಕಲೇಟ. ನಾನs ಕೊಟ್ಟೇನಿ.”

ಡಾಕ್ಟರಮ್ಮ ಕೈ ಕೆಲಸ ನಿಲ್ಲಿಸದೆ ಅವಳನ್ನು ಬೈದಳು. ಇಷ್ಟು ವಯಸ್ಸಾಗಿದೆ, ಗೊತ್ತಿದ್ದೂ ಗೊತ್ತಿದ್ದೂ ಕೂಸಿನ ಜೀವದ ಜೊತೆ ಆಟ ಆಡುತ್ತೀರಿ, ಇನ್ನೊಂದು ಸ್ವಲ್ಪ ತಡವಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದಳು. ಪೀರಾಂಬಿ, ತಪ್ಪಾತ್ರಿ, ಎಂದು ತಲೆ ತಗ್ಗಿಸಿ ನಿಂತಳು. ಪಕ್ಕದ ಮಂಚದವರೆಲ್ಲ ಅವಳನ್ನು ನೋಡಿದರು. ರಿಜ್ವಾನ ತಾಯಿಯನ್ನು ನೋಡಿದ ರೀತಿ ಸುರೈಯಾ ಅದುವರೆಗೆ ಕಂಡಿರಲಿಲ್ಲ. ತಾನು ಇಷ್ಟು ತಿಂಗಳು ಒಳಗೊಳಗೇ ಬಯಸಿದ್ದು ಇದೇ ಅಲ್ಲವೇ, ಮಗ ತಾಯಿಯನ್ನು ಹೀಗೆ ನೋಡಬೇಕೆಂದು? ಗಂಟು ಹಿಡಿದ ಕೈ ನಿಧಾನವಾಗಿ ಕೆಳಗಿಳಿಯಿತು. ನಾಚಿಕೆಯ ಜೊತೆಗೆ ಒಂದು ಹಗುರವೂ ಬಂತು, ಮತ್ತು ಆ ಹಗುರವೇ ಅವಳನ್ನು ಹೆಚ್ಚು ಹೆದರಿಸಿತು. ಮುಖಕ್ಕೆ ಹಾಕಿದ ಮಾಸ್ಕಿನೊಳಗೆ ಮಗುವಿನ ಉಸಿರು ಮಂಜಾಗಿ ಮೂಡಿ ಅಳಿಸಿತು, ಮತ್ತೆ ಮೂಡಿತು.

ಉಸಿರು ದಾರಿಗೆ ಬಂತು, ಇವತ್ತು ಇಲ್ಲೇ ಇರಲಿ, ಎಂದರು. ಎಲ್ಲರನ್ನೂ ಹೊರಗೆ ಕಳಿಸಿದ ಮೇಲೆ ಸುರೈಯಾ ಗಂಡನನ್ನು ಮೆಟ್ಟಿಲ ಹತ್ತಿರ ಕರೆದಳು. ಹೇಳದಿದ್ದರೆ ನಾಳೆ ಬೆಳಿಗ್ಗೆ ಅವನೇ ಮಗಳಿಗೆ ಮುಷ್ಟಿ ತುಂಬ ಇದನ್ನೇ ತಂದುಕೊಡುತ್ತಾನೆ ಎಂಬುದು ಅವಳಿಗೆ ಆಗಷ್ಟೇ ಹೊಳೆದಿತ್ತು. ಮಾತಾಡದೆ ಸೆರಗಿನ ಗಂಟು ಬಿಚ್ಚಿ ಅವನ ಮೂಗಿನ ಹತ್ತಿರ ಹಿಡಿದಳು. ಅವನು ಮೂಸಿದ. ಮತ್ತೆ ಮೂಸಿದ. ಮನೂಕದ, ಒಣದ್ರಾಕ್ಷಿಯ ವಾಸನೆಯೇ ಬರುತ್ತದಲ್ಲ, ಎಂದ. ದಿನವಿಡೀ ಅದರೊಳಗೇ ಇರುವ ಮೂಗಿಗೆ ಅದು ಕಾಣುವುದಿಲ್ಲ ಎಂದು ಅವಳಿಗೆ ತಿಳಿಯಿತು. ಈ ಮನೆಯಲ್ಲಿ ಅದನ್ನು ಕಂಡುಹಿಡಿಯಬಲ್ಲ ಮೂಗು ಒಂದೇ, ಅದೂ ಇವತ್ತು ತಡವಾಗಿ ಕಂಡುಹಿಡಿದಿತ್ತು. ತಬಕ ತುಂಬಿದ ಸೊಹೇಲಗ ಕೇಳ್ರಿ, ಎಂದಳು. ಅವನು ಫೋನು ಹಚ್ಚಿ, ತಬಕಿನ ಮನೂಕಕ್ಕೆ ಏನು ಮಾಡಿದ್ದಿ ಎಂದು ತಮ್ಮನನ್ನು ಕೇಳಿದ.

“ಏನ ಮಾಡ್ಲೋ ಅಣ್ಣಾ, ಚೀಲದಾಗ ಇದ್ದೂ ಇದ್ದೂ ಮಬ್ಬ ಆಗಿದ್ದು. ಮಂದಿ ಮುಂದ ಹೆಂಗ ಇಡೂದು? ಕೈಲೆ ತಿಕ್ಕೂದಕ್ಕ ಹೊತ್ತ ಇರಲಿಲ್ಲ. ಡ್ರಮ್ಮಿಗೆ ಹಾಕಿ ಒಂದೀಟ ಎಣ್ಣಿ ಬಿಟ್ಟು ತಿರುಗಿಸಿದ್ನಿ,” ಎಂದು ಸೊಹೇಲನ ದನಿ ಕೇಳಿಸಿತು. “ಡ್ರಮ್ಮ ತೊಳದಿದ್ನೆಲ್ಲ. ಕೂಸು ಹೆಂಗೈತಿ?”

ರಿಜ್ವಾನ ಫೋನು ಇಳಿಸಿ ಮೆಟ್ಟಿಲ ಮೇಲೆ ಕೂತ. ಮಗಳು ಎಲ್ಲರ ಜೊತೆ ಕೂತು ತಿನ್ನಲಿ ಅಂತ, ಎಂದ. ಇಷ್ಟೇ ಹೇಳಿ ಬಿಳಿ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. ಅವನ ಹೆಗಲ ಮೇಲೆ ಕೈ ಇಡಬೇಕೆಂದುಕೊಂಡವಳು ತನ್ನ ಬೆರಳುಗಳ ನೆನಪಾಗಿ ಇಡಲಿಲ್ಲ. ಗಂಟನ್ನು ಕಸದ ಡಬ್ಬಿಗೆ ಕೊಡವಿದಳು. ಅಲ್ಲಿದ್ದ ನಳದಲ್ಲಿ ಕೈ ತೊಳೆದಳು, ಸೆರಗನ್ನೂ ತೊಳೆದಳು. ಮನೆಯಲ್ಲಿ ಉಳಿದ ಅರ್ಧ ಚೀಲ ಇತ್ತಲ್ಲ, ಅದನ್ನೂ ಇನ್ನು ನಂಬುವುದು ಹೇಗೆ? ಅದು ಡ್ರಮ್ಮಿನ ಒಳಗೆ ಹೋಗಿಲ್ಲ, ನಿಜ. ನಿನ್ನೆಯವರೆಗೆ ತಬಕಿನದೂ ಹೋಗಿರಲಿಲ್ಲ.

ಪೀರಾಂಬಿ ವರಾಂಡದ ಕೊನೆಯಲ್ಲಿ, ಗೋಡೆಗೆ ಒರಗಿ, ನೆಲದ ಮೇಲೆ ಕೂತಿದ್ದಳು. ಸುರೈಯಾ ಹೋಗಿ ಎದುರಿಗೆ ಕುಕ್ಕರಗಾಲಿನಲ್ಲಿ ಕೂತಳು. ಎಲ್ಲಿಂದ ಶುರುಮಾಡಬೇಕು ತಿಳಿಯದೆ, ಅಮ್ಮಾ, ಅದು ಮನೂಕದಾಗ ಇತ್ತು, ನಾನೇ ಕೊಟ್ಟೆ, ಎಂದಳು. ಪೀರಾಂಬಿ ತನಗೆ ಗೊತ್ತು ಎನ್ನುವಂತೆ ತಲೆ ಆಡಿಸಿದಳು. ಗಾಡಿಯಲ್ಲಿ ಸುರೈಯಾ ಕಾಳು ಜಜ್ಜಿ ಬಾಯಲ್ಲಿ ಇಟ್ಟದ್ದನ್ನು ಕಂಡಿದ್ದಳಂತೆ. ಆಮೇಲೆ ಅವಳು ತನ್ನ ಬೆರಳನ್ನು ತಾನೇ ಮೂಸಿ ಮೂಸಿ ನೋಡಿದ್ದನ್ನೂ ಕಂಡಿದ್ದಳಂತೆ. ಆಗಲೇ ಅರ್ಥವಾಯಿತಂತೆ.

“ಮತ್ತ ಯಾಕ ನೀವು ಕೊಟ್ಟೇನಿ ಅಂತ ಹೇಳಿದ್ರಿ?”

ಮುದುಕಿ ಸೆರಗನ್ನು ಹೆಗಲ ಮೇಲೆ ಎಳೆದುಕೊಂಡಳು. ಸಡಿಲಾಗಿದ್ದ ನೆರಿಗೆಯನ್ನು ಅವಳು ಇನ್ನೂ ಸರಿಮಾಡಿಕೊಂಡಿರಲಿಲ್ಲ. ಅದನ್ನು ಹಾಗೇ ಸೊಂಟಕ್ಕೆ ತುರುಕಿದ್ದಳು.

“ಕೂಸು ಕೇಳಾಕತ್ತಿತ್ತು ಬೇ. ಸೂಜಿ ಚುಚ್ಚೂಮುಂದ ಕಣ್ಣ ತಗದs ಇತ್ತು,” ಎಂದಳು. “ನನ್ನ ಕೈಯಾಗಿಂದು ತಿನ್ನಲಿಲ್ಲಂದ್ರ ನಡೀತೈತಿ. ನಾ ಎಷ್ಟ ದಿನದಾಕಿ. ನಿನ್ನ ಕೈಯಾಗಿಂದು ತಿನ್ನಲಿಲ್ಲಂದ್ರ ಅದು ಬದುಕೂದು ಹೆಂಗ?”

ಸುರೈಯಾಳಿಗೆ ಆ ಕಾಲು ಹಿಡಿಯಬೇಕೆನಿಸಿತು. ಇಷ್ಟು ದಿನ ಆ ಕೈಗಳನ್ನು ಕಾವಲು ಕಾದ ತನ್ನ ಕಣ್ಣುಗಳನ್ನು ಆ ಕಾಲಿಗೆ ಒತ್ತಬೇಕೆನಿಸಿತು. ಏನೂ ಮಾಡಲಿಲ್ಲ. ನೆರಿಗೆ ಸರಿಮಾಡ್ತೀನಿ ಏಳ್ರಿ, ಎಂದಳು. ಪೀರಾಂಬಿ ಎದ್ದು ನಿಂತಳು, ಮಗುವಿನಂತೆ ಎರಡೂ ಕೈ ಸ್ವಲ್ಪ ದೂರ ಹಿಡಿದು. ಸುರೈಯಾ ಒಂದೊಂದೇ ಮಡಿಕೆ ಕೂಡಿಸಿ ಒಳಗೆ ಸಿಕ್ಕಿಸುತ್ತಿರುವಾಗ ನರ್ಸು ಬಂದು, ಕೂಸು ಕಣ್ಣು ಬಿಟ್ಟಿದೆ, ಸ್ವಲ್ಪ ನೀರು ಕುಡಿಸಬಹುದು, ಎಂದಳು.

ಮಾಸ್ಕು ತೆಗೆದಿದ್ದರು. ಊತ ಇನ್ನೂ ಪೂರ್ತಿ ಇಳಿದಿರಲಿಲ್ಲ, ಆದರೆ ತುಟಿ ಈಗ ನಿಖತಳದೇ ಆಗಿತ್ತು. ಮಗು ಛಾವಣಿ ನೋಡುತ್ತಿತ್ತು. ತಾಯಿಯನ್ನು ಕಂಡು ಕೈ ಚಾಚಿತು, ಅವಳ ಕತ್ತು ತಬ್ಬಿತು, ಬಿಡಲಿಲ್ಲ. ಸುರೈಯಾ ಅದರ ಕೂದಲಿನಲ್ಲಿ ಮುಖವಿಟ್ಟು ಅಳು ತಡೆದಳು. ಸದ್ಯ, ಎಂದುಕೊಂಡಳು, ಸದ್ಯ. ಆಮೇಲೆ ನರ್ಸು ಕೊಟ್ಟ ಲೋಟದಿಂದ ಚಮಚೆಗೆ ನೀರು ತೆಗೆದು ಬಾಯಿಯ ಹತ್ತಿರ ಒಯ್ದಳು. ಮಗು ಚಮಚೆ ನೋಡಿತು. ಚಮಚೆ ಹಿಡಿದ ಬೆರಳುಗಳನ್ನು ನೋಡಿತು. ತುಟಿ ಎರಡೂ ಒಳಗೆ ಹೋದವು.

ನೀರು ನಮ್ಮವ್ವ, ಬರೀ ನೀರು, ಎಂದಳು ಸುರೈಯಾ. ತಾನೇ ಆ ಚಮಚೆಯನ್ನು ಕುಡಿದು ತೋರಿಸಿದಳು. ಮತ್ತೆ ತುಂಬಿದಳು. ನಿಖತ ಅಳಲಿಲ್ಲ, ಹಟ ಮಾಡಲಿಲ್ಲ. ಒಂದು ಕೈಯಿಂದ ತಾಯಿಯ ಸೆರಗನ್ನು ಗಟ್ಟಿಯಾಗಿ ಹಿಡಿದುಕೊಂಡೇ, ಇನ್ನೊಂದು ಕೈಯನ್ನು ಬಾಯಿಯ ಮೇಲೆ ಮುಚ್ಚಿಕೊಂಡಿತು, ಮತ್ತು ಕಣ್ಣಿನಲ್ಲೇ ಬೇಡ ಎಂದಿತು, ತಾಯಿಗೆ ಬೇಜಾರಾಗದಿರಲಿ ಎನ್ನುವಷ್ಟು ಮೆಲ್ಲಗೆ. ಮಂಚದ ಕಾಲ ಬಳಿ ರಿಜ್ವಾನ ನಿಂತಿದ್ದ, ಬಾಗಿಲಲ್ಲಿ ಪೀರಾಂಬಿ. ಚಮಚೆಯ ನೀರು ಅಂಚಿನವರೆಗೆ ತುಂಬಿ ನಡುಗುತ್ತಿತ್ತು. ಒಂದು ಹನಿಯೂ ಚೆಲ್ಲಬಾರದೆಂದು ಸುರೈಯಾ ಕೈಯನ್ನು ಹಾಗೇ ಹಿಡಿದುಕೊಂಡು ಕೂತಳು.